ಕ್ಯಾನ್ಸರ್ ಕೋಶದ ಸಕ್ಕರೆಯ ಹಸಿವು: ಬಾಗಿಲು ಮುಚ್ಚಿದರೆ ರೋಗ ಸಾಯುವುದೇ?

(ಸಂಸ್ಥೆಯ ವಾರ್ಷಿಕೋತ್ಸವದ ಅಂಗವಾಗಿ ಏರ್ಪಡಿಸಿದ್ದ ವಿಜ್ಞಾನ ಉಪನ್ಯಾಸದ ಬರಹ ರೂಪ)



ನನ್ನನ್ನು ಇಲ್ಲಿಗೆ ಆಹ್ವಾನಿಸಿದ ಕಾರ್ಯದರ್ಶಿಗಳು, "ಕ್ಯಾನ್ಸರ್ ಬಗ್ಗೆ ಮಾತನಾಡಿ, ಆದರೆ ಜನರನ್ನು ಹೆದರಿಸಬೇಡಿ" ಎಂದು ಹೇಳಿದ್ದಾರೆ. ನಾನು ವೈದ್ಯನಲ್ಲ, ಕಾಲೇಜಿನಲ್ಲಿ ಜೀವರಸಾಯನ ವಿಜ್ಞಾನ ಕಲಿಸುವ ಮೇಷ್ಟ್ರು. ಆದ್ದರಿಂದ ಕ್ಯಾನ್ಸರ್‌ನ ಎಲ್ಲ ವಿಷಯವನ್ನೂ ಇಂದು ಎತ್ತಿಕೊಳ್ಳುವುದಿಲ್ಲ. ಒಂದೇ ಒಂದು ಪ್ರಶ್ನೆಯನ್ನು ಎತ್ತಿಕೊಳ್ಳುತ್ತೇನೆ. ಆ ಪ್ರಶ್ನೆಯನ್ನು ನನಗೆ ಮೊದಲು ಕೇಳಿದವರು ನನ್ನ ತಾಯಿಯ ತಂಗಿ, ನನ್ನ ಖಾಲಾ.

ಅವರಿಗೆ ಸ್ತನ ಕ್ಯಾನ್ಸರ್ ಆಗಿತ್ತು. ಶಸ್ತ್ರಚಿಕಿತ್ಸೆ ಮುಗಿದು ಕೀಮೋಥೆರಪಿ ಶುರುವಾಗಿತ್ತು. ಆಗ ಯಾರೋ ಬಂಧುಗಳು ಅವರ ಕೈಗೆ ಒಂದು ಕರಪತ್ರ ಕೊಟ್ಟರು. "ಕ್ಯಾನ್ಸರ್‌ಗೆ ಸಕ್ಕರೆಯೇ ಆಹಾರ. ಸಕ್ಕರೆ ನಿಲ್ಲಿಸಿದರೆ ಕ್ಯಾನ್ಸರ್ ಹಸಿದು ಸಾಯುತ್ತದೆ. ಇದನ್ನು ಕಂಡುಹಿಡಿದ ವಿಜ್ಞಾನಿಗೆ ನೊಬೆಲ್ ಬಹುಮಾನ ಬಂದಿದೆ" ಎಂದು ಅದರಲ್ಲಿ ಅಚ್ಚಾಗಿತ್ತು. ರಜೆಗೆ ಊರಿಗೆ ಹೋದಾಗ ಖಾಲಾ ಅದನ್ನು ನನಗೆ ತೋರಿಸಿ, "ಬೇಟಾ, ನೀನು ಇದನ್ನೇ ಓದಿದವನಲ್ಲವಾ? ಇದು ನಿಜವಾ ಹೇಳು" ಎಂದು ಕೇಳಿದರು.

ನಾನು ಬಸ್ಸು ಹಿಡಿಯುವ ಅವಸರದಲ್ಲಿದ್ದೆ. "ಹೌದು ಖಾಲಾ, ಕ್ಯಾನ್ಸರ್ ಕೋಶ ಸಕ್ಕರೆಯನ್ನು ಹೆಚ್ಚು ಬಳಸುತ್ತದೆ, ಅದು ನಿಜ" ಎಂದು ಹೇಳಿ ಹೊರಟುಬಿಟ್ಟೆ. ನಾನು ಹೇಳಿದ್ದು ಸುಳ್ಳಲ್ಲ, ಪಠ್ಯಪುಸ್ತಕದಲ್ಲಿರುವ ಮಾತು. ಆದರೆ ಅದು ಅರ್ಧ ಉತ್ತರ. ಆ ಅರ್ಧ ಉತ್ತರ ಏನು ಮಾಡಿತು ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು, ಅಂದು ನಾನು ಹೇಳಬೇಕಾಗಿದ್ದ ಪೂರ್ತಿ ಉತ್ತರವನ್ನು ತಮ್ಮ ಮುಂದೆ ಇಡುತ್ತೇನೆ.

ನಮ್ಮ ದೇಹದ ಪ್ರತಿಯೊಂದು ಜೀವಕೋಶಕ್ಕೂ ಶಕ್ತಿ ಬೇಕು. ಆ ಶಕ್ತಿಯ ನಾಣ್ಯದ ಹೆಸರು ಎಟಿಪಿ. ಒಂದು ಗ್ಲೂಕೋಸ್ ಅಣುವನ್ನು ಆಮ್ಲಜನಕದ ಸಹಾಯದಿಂದ ಪೂರ್ತಿ ಉರಿಸಿದರೆ ಸುಮಾರು 30 ಎಟಿಪಿ ಸಿಗುತ್ತದೆ. ಕೋಶದೊಳಗಿನ ಮೈಟೋಕಾಂಡ್ರಿಯಾ ಎಂಬ ಒಲೆಯಲ್ಲಿ ಈ ಕೆಲಸ ನಡೆಯುತ್ತದೆ. ಆಮ್ಲಜನಕ ಸಾಲದಿದ್ದಾಗ ಕೋಶವು ಗ್ಲೂಕೋಸನ್ನು ಅರ್ಧಕ್ಕೇ ಒಡೆದು ಲ್ಯಾಕ್ಟಿಕ್ ಆಮ್ಲವನ್ನಾಗಿ ಮಾಡುತ್ತದೆ. ಆಗ ಸಿಗುವುದು ಎರಡೇ ಎಟಿಪಿ. ಜೋರಾಗಿ ಓಡುವಾಗ ನಮ್ಮ ಸ್ನಾಯುಗಳಲ್ಲಿ ಹೀಗೆ ಆಗುತ್ತದೆ. ಹಾಲು ಮೊಸರಾಗಿ ಹುಳಿಯಾಗುವುದೂ ಬ್ಯಾಕ್ಟೀರಿಯಾಗಳು ತಯಾರಿಸುವ ಇದೇ ಆಮ್ಲದಿಂದ.

1920ರ ದಶಕದಲ್ಲಿ ಜರ್ಮನಿಯ ಬರ್ಲಿನ್‌ನಲ್ಲಿ ಓಟ್ಟೋ ವಾರ್‌ಬರ್ಗ್ ಎಂಬ ವಿಜ್ಞಾನಿ ಇಲಿಗಳ ಕ್ಯಾನ್ಸರ್ ಗಡ್ಡೆಯ ತೆಳು ಚೂರುಗಳನ್ನು ಪರೀಕ್ಷಿಸುತ್ತಿದ್ದರು. ಅಲ್ಲಿ ಅವರಿಗೆ ಒಂದು ವಿಚಿತ್ರ ಕಂಡಿತು. ಆಮ್ಲಜನಕ ಬೇಕಾದಷ್ಟು ಇದ್ದರೂ ಗಡ್ಡೆಯ ಕೋಶಗಳು ಗ್ಲೂಕೋಸನ್ನು ಪೂರ್ತಿ ಉರಿಸದೆ ಲ್ಯಾಕ್ಟಿಕ್ ಆಮ್ಲವಾಗಿ ಹೊರಗೆ ಚೆಲ್ಲುತ್ತಿದ್ದವು. 30 ರೂಪಾಯಿ ಸಿಗುವ ಕಡೆ ಎರಡು ರೂಪಾಯಿಗೆ ಸರಕು ಮಾರಿದ ಹಾಗೆ! ಹೀಗೆ ನಷ್ಟದ ವ್ಯಾಪಾರ ಮಾಡುವುದರಿಂದ ಅವುಗಳಿಗೆ ಬಹಳ ಹೆಚ್ಚು ಗ್ಲೂಕೋಸ್ ಬೇಕಾಗುತ್ತದೆ. ಇದನ್ನು ಇಂದಿಗೂ 'ವಾರ್‌ಬರ್ಗ್ ಪರಿಣಾಮ' ಎಂದೇ ಕರೆಯುತ್ತಾರೆ.

ಇಲ್ಲಿ ಕರಪತ್ರದ ಒಂದು ಮಾತನ್ನು ತಿದ್ದಬೇಕು. ವಾರ್‌ಬರ್ಗ್‌ಗೆ 1931ರಲ್ಲಿ ನೊಬೆಲ್ ಬಂದದ್ದು ನಿಜ. ಆದರೆ ಅದು ಬಂದದ್ದು ಕೋಶದ ಉಸಿರಾಟಕ್ಕೆ ಸಂಬಂಧಿಸಿದ ಕಿಣ್ವದ ಸಂಶೋಧನೆಗೆ. ಕ್ಯಾನ್ಸರ್‌ನ ಕಾರಣ ಕಂಡುಹಿಡಿದದ್ದಕ್ಕೆ ಅಲ್ಲ. ಮೈಟೋಕಾಂಡ್ರಿಯಾ ಕೆಟ್ಟುಹೋಗುವುದೇ ಕ್ಯಾನ್ಸರ್‌ಗೆ ಮೂಲ ಕಾರಣವೆಂದು ಅವರು ಕೊನೆಯವರೆಗೂ ನಂಬಿದ್ದರು. ಆ ನಂಬಿಕೆ ನಿಲ್ಲಲಿಲ್ಲ. ಬಹುತೇಕ ಕ್ಯಾನ್ಸರ್ ಕೋಶಗಳಲ್ಲಿ ಮೈಟೋಕಾಂಡ್ರಿಯಾ ಚೆನ್ನಾಗಿಯೇ ಕೆಲಸ ಮಾಡುತ್ತವೆ ಎಂದು ಆಮೇಲೆ ತಿಳಿಯಿತು. ದೊಡ್ಡ ವಿಜ್ಞಾನಿಯ ಪ್ರಯೋಗ ಸರಿಯಿದ್ದು, ಅದರ ವಿವರಣೆ ತಪ್ಪಾಗಿರಬಹುದು. ವಿದ್ಯಾರ್ಥಿಗಳು ಇದನ್ನು ನೆನಪಿಡಬೇಕು.

ಹಾಗಾದರೆ ಈ ನಷ್ಟದ ವ್ಯಾಪಾರ ಏಕೆ? ಮನೆ ಕಟ್ಟಿಸುವವನು ತಂದ ಮರವನ್ನೆಲ್ಲ ಒಲೆಗೆ ಹಾಕುವುದಿಲ್ಲ. ತೊಲೆಗೆ ಬೇಕು, ಬಾಗಿಲಿಗೆ ಬೇಕು, ಕಿಟಕಿಗೆ ಬೇಕು. ಕ್ಯಾನ್ಸರ್ ಕೋಶ ಎಂದರೆ ನಿಲ್ಲದೆ ಮನೆ ಕಟ್ಟುತ್ತಲೇ ಇರುವ ಕೋಶ. ಒಂದು ಕೋಶ ಎರಡಾಗಬೇಕಾದರೆ ಹೊಸ ಡಿಎನ್‌ಎ ಬೇಕು, ಹೊಸ ಪೊರೆ ಬೇಕು. ಗ್ಲೂಕೋಸನ್ನು ಒಡೆಯುವ ದಾರಿಯಲ್ಲಿ ಸಿಗುವ ತುಂಡುಗಳಿಂದ ಇವುಗಳಿಗೆ ಬೇಕಾದ ಕಚ್ಚಾ ಸಾಮಗ್ರಿ ದೊರೆಯುತ್ತದೆ. ಅಂದರೆ ಕ್ಯಾನ್ಸರ್ ಕೋಶಕ್ಕೆ ಗ್ಲೂಕೋಸ್ ಸೌದೆಯೂ ಹೌದು, ಮರಮುಟ್ಟೂ ಹೌದು.

ಈ ಹಸಿವನ್ನು ವೈದ್ಯರು ಬಹಳ ಚೆನ್ನಾಗಿ ಉಪಯೋಗಿಸಿಕೊಂಡ ಒಂದು ಕಡೆ ಇದೆ. ಅದೇ ಪೆಟ್ ಸ್ಕ್ಯಾನ್. ಗ್ಲೂಕೋಸ್‌ನ ಎರಡನೆಯ ಇಂಗಾಲಕ್ಕೆ ವಿಕಿರಣಶೀಲ ಫ್ಲೋರಿನ್ ಸೇರಿಸಿ ಎಫ್‌ಡಿಜಿ ಎಂಬ ಪದಾರ್ಥ ತಯಾರಿಸುತ್ತಾರೆ. 1976ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಇದನ್ನು ಮೊದಲ ಬಾರಿಗೆ ಮನುಷ್ಯರಿಗೆ ಕೊಟ್ಟು ನೋಡಿದರು. ಕೋಶ ಇದನ್ನು ಗ್ಲೂಕೋಸ್ ಎಂದೇ ಭಾವಿಸಿ ಒಳಗೆ ಎಳೆದುಕೊಳ್ಳುತ್ತದೆ. ಒಳಗೆ ಹೆಕ್ಸೋಕೈನೇಸ್ ಎಂಬ ಕಿಣ್ವ ಅದಕ್ಕೆ ಫಾಸ್ಫೇಟಿನ ಮುದ್ರೆ ಒತ್ತುತ್ತದೆ. ಮುದ್ರೆ ಬಿದ್ದ ಮೇಲೆ ಅದು ಮುಂದೆಯೂ ಹೋಗದು, ಹೊರಗೂ ಬಾರದು. ಹೆಚ್ಚು ಸಕ್ಕರೆ ಎಳೆಯುವ ಗಡ್ಡೆ ಚಿತ್ರದಲ್ಲಿ ದೀಪದಂತೆ ಹೊಳೆಯುತ್ತದೆ. ಈ ಫ್ಲೋರಿನ್‌ನ ವಿಕಿರಣ ಸುಮಾರು 110 ನಿಮಿಷಗಳಲ್ಲಿ ಅರ್ಧಕ್ಕೆ ಇಳಿಯುವುದರಿಂದ ದೂರದ ದೇಶದಿಂದ ತರಿಸುವಂತಿಲ್ಲ. ಹತ್ತಿರದಲ್ಲೇ ಸೈಕ್ಲೋಟ್ರಾನ್ ಯಂತ್ರ ಇರಬೇಕು. ನಮ್ಮ ದೇಶದಲ್ಲಿ ಈ ಸೌಲಭ್ಯ 2002ರಲ್ಲಿ ಮುಂಬಯಿಯಲ್ಲಿ ಆರಂಭವಾಯಿತು.

ಆದರೆ ಪೆಟ್ ಚಿತ್ರವನ್ನು ಗಮನವಿಟ್ಟು ನೋಡಿದವರಿಗೆ ಇನ್ನೊಂದು ಸಂಗತಿಯೂ ಕಾಣುತ್ತದೆ. ಗಡ್ಡೆ ಮಾತ್ರ ಹೊಳೆಯುವುದಿಲ್ಲ, ಮೆದುಳೂ ಹೊಳೆಯುತ್ತದೆ. ಎಷ್ಟೋ ಸಲ ಹೃದಯವೂ ಹೊಳೆಯುತ್ತದೆ. ಈ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಮುಂದೆ ಹೇಳುವ ಕಷ್ಟವೆಲ್ಲ ಇಲ್ಲಿಂದಲೇ ಶುರುವಾಗುತ್ತದೆ.

ಈಗ ಬಾಗಿಲಿನ ವಿಷಯಕ್ಕೆ ಬರೋಣ. ಕೋಶದ ಪೊರೆ ಕೊಬ್ಬಿನಿಂದ ಆದದ್ದು. ಗ್ಲೂಕೋಸ್ ನೀರಿನಲ್ಲಿ ಕರಗುವ ವಸ್ತು. ಅದು ತಾನಾಗಿ ಪೊರೆ ದಾಟಲಾರದು. ಅದನ್ನು ಒಳಗೆ ಬಿಡಲು ಗ್ಲೂಟ್ ಎಂಬ ಪ್ರೋಟೀನಿನ ಬಾಗಿಲುಗಳಿವೆ. ಮನುಷ್ಯನಲ್ಲಿ ಇಂಥ 14 ಬಗೆಗಳಿವೆ. ಸ್ನಾಯು ಮತ್ತು ಕೊಬ್ಬಿನ ಕೋಶಗಳಲ್ಲಿರುವ ಗ್ಲೂಟ್-4 ಇನ್ಸುಲಿನ್ ಹೇಳಿದಾಗ ಮೇಲೆ ಬರುತ್ತದೆ. ಅನೇಕ ಕ್ಯಾನ್ಸರ್ ಕೋಶಗಳಲ್ಲಿ ವಿಪರೀತ ಹೆಚ್ಚಾಗಿರುವುದು ಗ್ಲೂಟ್-1. ಸಾಮಾನ್ಯ ಮನೆಗೆ ಒಂದು ಬಾಗಿಲಾದರೆ ಇಲ್ಲಿ ಗೋಡೆಯ ತುಂಬ ಬಾಗಿಲು.

ಹಾಗಾದರೆ ಈ ಬಾಗಿಲಿಗೆ ಬೀಗ ಹಾಕಿದರೆ? ಈ ಯೋಚನೆ ವಿಜ್ಞಾನಿಗಳಿಗೂ ಬಂತು. 2014ರಲ್ಲಿ ಚೀನಾದ ತ್ಸಿಂಗ್‌ಹುವಾ ವಿಶ್ವವಿದ್ಯಾಲಯದ ನಿಯೆಂಗ್ ಯಾನ್ ಎಂಬ ಮಹಿಳಾ ವಿಜ್ಞಾನಿಯ ತಂಡ ಮನುಷ್ಯನ ಗ್ಲೂಟ್-1ರ ರಚನೆಯನ್ನು ಅಣು ಅಣುವಾಗಿ ಬಿಡಿಸಿ ತೋರಿಸಿತು. ಬೀಗದ ಆಕಾರ ಗೊತ್ತಾದರೆ ಕೀಲಿ ಮಾಡುವುದು ಸುಲಭವಲ್ಲವೇ? 2016ರಲ್ಲಿ ಬೇಯರ್ ಕಂಪನಿಯ ವಿಜ್ಞಾನಿಗಳು ಗ್ಲೂಟ್-1 ಬಾಗಿಲನ್ನೇ ಆರಿಸಿ ಮುಚ್ಚಬಲ್ಲ ಬಿಎವೈ-876 ಎಂಬ ರಾಸಾಯನಿಕವನ್ನು ಪ್ರಕಟಿಸಿದರು. ಪ್ರಯೋಗಶಾಲೆಯ ಗಾಜಿನ ತಟ್ಟೆಗಳಲ್ಲಿ ಮತ್ತು ಇಲಿಗಳಲ್ಲಿ ಇಂಥ ಪದಾರ್ಥಗಳು ಕೆಲವು ಬಗೆಯ ಗಡ್ಡೆಗಳ ಬೆಳವಣಿಗೆಯನ್ನು ತಗ್ಗಿಸಿವೆ. ಆದರೆ ಗ್ಲೂಟ್-1 ಮುಚ್ಚುವ ಯಾವ ಔಷಧಿಯೂ ಈವರೆಗೆ ಕ್ಯಾನ್ಸರ್ ಚಿಕಿತ್ಸೆಗೆ ಅನುಮತಿ ಪಡೆದಿಲ್ಲ.

ಇನ್ನೊಂದು ದಾರಿ, ಬಾಗಿಲನ್ನು ತೆರೆದೇ ಇಟ್ಟು ಒಳಗೆ ಖೋಟಾ ನಾಣ್ಯ ಕಳಿಸುವುದು. ಅದೇ 2-ಡಿಯಾಕ್ಸಿ ಗ್ಲೂಕೋಸ್, ಚಿಕ್ಕದಾಗಿ 2-ಡಿಜಿ. ಈ ಹೆಸರು ತಮ್ಮಲ್ಲಿ ಕೆಲವರಿಗೆ ನೆನಪಿರಬಹುದು. 2021ರ ಮೇ ತಿಂಗಳಲ್ಲಿ ಕೊರೊನಾದ ಎರಡನೆಯ ಅಲೆಯ ನಡುವೆ ಪುಡಿಯ ಪೊಟ್ಟಣದ ರೂಪದಲ್ಲಿ ತುರ್ತು ಬಳಕೆಗೆ ಅನುಮತಿ ಪಡೆದ ಡಿಆರ್‌ಡಿಒ ಔಷಧಿ ಇದೇ. ಆದರೆ ಡಿಆರ್‌ಡಿಒದ ದೆಹಲಿ ಪ್ರಯೋಗಾಲಯವಾದ ಇನ್ಮಾಸ್‌ನಲ್ಲಿ ಇದರ ಅಧ್ಯಯನ ಅದಕ್ಕೂ ಬಹಳ ಮೊದಲಿನಿಂದ ನಡೆದಿತ್ತು, ಅದೂ ಕ್ಯಾನ್ಸರ್‌ಗಾಗಿ. ಮೆದುಳಿನ ಗಡ್ಡೆಯ ರೋಗಿಗಳಿಗೆ ವಿಕಿರಣ ಚಿಕಿತ್ಸೆ ಕೊಡುವ ಮೊದಲು ದೇಹ ತೂಕದ ಕಿಲೋ ಒಂದಕ್ಕೆ 200 ಮಿಲಿಗ್ರಾಂ ಲೆಕ್ಕದಲ್ಲಿ ಇದನ್ನು ಕುಡಿಸಿ ನೋಡಿದ ಫಲಿತಾಂಶ 1996ರಲ್ಲಿ ಪ್ರಕಟವಾಯಿತು. ಬೆಂಗಳೂರಿನ ವೈದ್ಯರೂ ಆ ಕೆಲಸದಲ್ಲಿ ಕೈಜೋಡಿಸಿದ್ದರು ಎಂಬುದು ನಮಗೆ ಹೆಮ್ಮೆಯ ವಿಷಯ. ರೋಗಿಗಳು ಆ ಪ್ರಮಾಣವನ್ನು ತಾಳಿಕೊಂಡರು. ಆದರೂ ಇದು ಕ್ಯಾನ್ಸರ್‌ನ ನಿತ್ಯದ ಚಿಕಿತ್ಸೆಯಾಗಿ ಬೆಳೆದು ನಿಲ್ಲಲಿಲ್ಲ. ಅಮೆರಿಕದಲ್ಲಿ 1958ರಷ್ಟು ಹಿಂದೆಯೇ ಕ್ಯಾನ್ಸರ್ ರೋಗಿಗಳಿಗೆ ಇದನ್ನು ರಕ್ತನಾಳದ ಮೂಲಕ ಕೊಟ್ಟಿದ್ದರು. ಸಕ್ಕರೆ ಕಾಯಿಲೆಯವರಿಗೆ ರಕ್ತದಲ್ಲಿ ಸಕ್ಕರೆ ಇಳಿದಾಗ ಬೆವರು ಬಂದು ತಲೆ ಸುತ್ತುತ್ತದೆಯಲ್ಲ, ಅಂಥದೇ ಲಕ್ಷಣಗಳು ಕಂಡವು. ರಕ್ತದಲ್ಲಿ ಸಕ್ಕರೆ ಇದ್ದರೂ ಕೋಶಗಳು ಅದನ್ನು ಬಳಸಲಾರದೆ ಹೋದದ್ದೇ ಇದಕ್ಕೆ ಕಾರಣ.

ಈಗ ಕಷ್ಟ ಎಲ್ಲಿದೆ ಎಂದು ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು, ಗ್ಲೂಟ್-1 ಕ್ಯಾನ್ಸರ್‌ನ ಸ್ವಂತ ಬಾಗಿಲಲ್ಲ. ನಮ್ಮ ಕೆಂಪು ರಕ್ತಕಣಗಳಲ್ಲಿ ಮೈಟೋಕಾಂಡ್ರಿಯಾ ಇಲ್ಲವೇ ಇಲ್ಲ. ಅವು ಗ್ಲೂಕೋಸನ್ನೇ ನಂಬಿ ಬದುಕುತ್ತವೆ, ಅವುಗಳ ಬಾಗಿಲೂ ಗ್ಲೂಟ್-1. ರಕ್ತದಿಂದ ಮೆದುಳಿಗೆ ಸಕ್ಕರೆ ದಾಟಿಸುವುದೂ ಗ್ಲೂಟ್-1. ದೇಹದ ತೂಕದಲ್ಲಿ ಮೆದುಳಿನ ಪಾಲು ಶೇಕಡಾ 2 ಮಾತ್ರ, ಆದರೆ ಶಕ್ತಿಯ ಖರ್ಚಿನಲ್ಲಿ ಸುಮಾರು ಶೇಕಡಾ 20. ಈ ಬಾಗಿಲು ಅರ್ಧ ಮುಚ್ಚಿದರೆ ಏನಾಗುತ್ತದೆ ಎಂದು ತೋರಿಸುವ ಒಂದು ಹುಟ್ಟು ಕಾಯಿಲೆಯೇ ಇದೆ. 1991ರಲ್ಲಿ ಮೊದಲು ವರದಿಯಾದ ಗ್ಲೂಟ್-1 ಕೊರತೆಯ ರೋಗದಲ್ಲಿ, ಇದರ ಎರಡು ಜೀನ್‌ಗಳ ಪೈಕಿ ಸಾಮಾನ್ಯವಾಗಿ ಒಂದು ಮಾತ್ರ ಕೆಟ್ಟಿರುತ್ತದೆ. ಅಷ್ಟಕ್ಕೇ ಎಳೆಯ ಮಕ್ಕಳಿಗೆ ಫಿಟ್ಸ್ ಬರುತ್ತದೆ, ಬೆಳವಣಿಗೆ ಕುಂಠಿತವಾಗುತ್ತದೆ.

ಎರಡನೆಯದು, ನಮ್ಮನ್ನು ಕಾಯುವ ಸಿಪಾಯಿಗಳಿಗೂ ಇದೇ ಊಟ. ಕ್ಯಾನ್ಸರ್ ವಿರುದ್ಧ ಹೋರಾಡುವ ಟಿ-ಕೋಶಗಳು ಯುದ್ಧಕ್ಕೆ ಇಳಿದಾಗ ಅವುಗಳಿಗೂ ಗ್ಲೂಕೋಸ್ ಹೇರಳವಾಗಿ ಬೇಕು. ಅಡುಗೆಮನೆಗೆ ಬೀಗ ಹಾಕಿದರೆ ಕಳ್ಳನ ಜೊತೆ ಕಾವಲುಗಾರನೂ ಉಪವಾಸ.

ಮೂರನೆಯದು, ಕ್ಯಾನ್ಸರ್ ಕೋಶ ಬಹಳ ಚಾಲಾಕಿ. ಒಂದು ದಾರಿ ಮುಚ್ಚಿದರೆ ಗ್ಲುಟಮಿನ್ ಎಂಬ ಅಮೈನೋ ಆಮ್ಲವನ್ನು ಬಳಸುತ್ತದೆ, ಕೊಬ್ಬನ್ನು ಬಳಸುತ್ತದೆ, ಹೊರಗೆ ಚೆಲ್ಲಿದ ಲ್ಯಾಕ್ಟಿಕ್ ಆಮ್ಲವನ್ನೂ ಮತ್ತೆ ಒಳಗೆ ತೆಗೆದುಕೊಳ್ಳಬಲ್ಲದು. ಎಲ್ಲ ಕ್ಯಾನ್ಸರ್‌ಗಳಿಗೂ ಒಂದೇ ಬಗೆಯ ಹಸಿವಿಲ್ಲ. ಪೆಟ್ ಸ್ಕ್ಯಾನ್‌ನಲ್ಲಿ ಸರಿಯಾಗಿ ಹೊಳೆಯದ ಕ್ಯಾನ್ಸರ್‌ಗಳೂ ಇವೆ.

ಹಾಗೆಂದು ನಿರಾಶರಾಗಬೇಕಾಗಿಲ್ಲ. ಹೆಕ್ಸೋಕೈನೇಸ್ ಕಿಣ್ವದಲ್ಲಿ ಎರಡನೆಯ ಬಗೆ ಎಂಬುದೊಂದಿದೆ. ಅದು ಅನೇಕ ಗಡ್ಡೆಗಳಲ್ಲಿ ಹೆಚ್ಚು, ಬೆಳೆದ ದೇಹದ ಬಹುತೇಕ ಅಂಗಗಳಲ್ಲಿ ಕಡಿಮೆ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಬೆಳೆದ ಇಲಿಗಳಲ್ಲಿ ಆ ಜೀನನ್ನೇ ತೆಗೆದುಹಾಕಿದಾಗ ಗಡ್ಡೆ ಕುಗ್ಗಿತು, ಇಲಿಗಳು ಆರೋಗ್ಯವಾಗಿಯೇ ಉಳಿದವು. 2018ರಲ್ಲಿ ಅಮೆರಿಕದ ಲೂಯಿಸ್ ಕ್ಯಾಂಟ್ಲಿಯವರ ತಂಡ ಇನ್ನೊಂದು ಮುಖ್ಯ ಸಂಗತಿ ತೋರಿಸಿತು. ಕೆಲವು ಕ್ಯಾನ್ಸರ್ ಔಷಧಿಗಳು ರಕ್ತದ ಸಕ್ಕರೆಯನ್ನು ಏರಿಸುತ್ತವೆ, ಅದರಿಂದ ಇನ್ಸುಲಿನ್ ಏರುತ್ತದೆ, ಆ ಇನ್ಸುಲಿನ್ನೇ ಗಡ್ಡೆಗೆ ಬಲ ಕೊಟ್ಟು ಔಷಧಿಯ ಕೆಲಸ ಕೆಡಿಸುತ್ತದೆ. ಇಲಿಗಳಿಗೆ ಅಕ್ಕಿ, ಗೋಧಿ, ಸಕ್ಕರೆಯಂಥ ಪಿಷ್ಟ ಬಹಳ ಕಡಿಮೆ ಇರುವ ಆಹಾರವನ್ನು ಔಷಧಿಯ ಜೊತೆಗೆ ಕೊಟ್ಟಾಗ ಔಷಧಿ ಹೆಚ್ಚು ಕೆಲಸ ಮಾಡಿತು. ಆದರೆ ಅದೇ ಅಧ್ಯಯನದ ಇನ್ನೊಂದು ಫಲಿತಾಂಶ ಕೇಳಿ. ಔಷಧಿ ಇಲ್ಲದೆ ಆ ಆಹಾರವನ್ನು ಮಾತ್ರ ಕೊಟ್ಟಾಗ, ರಕ್ತದ ಕ್ಯಾನ್ಸರ್ ಇದ್ದ ಇಲಿಗಳಲ್ಲಿ ರೋಗ ಇನ್ನೂ ಬೇಗ ಬೆಳೆಯಿತು. ಕರಪತ್ರ ಬರೆಯುವವರು ಮೊದಲ ಫಲಿತಾಂಶವನ್ನು ಹೇಳುತ್ತಾರೆ, ಎರಡನೆಯದನ್ನು ಬಿಡುತ್ತಾರೆ.

ಇನ್ನು ಖಾಲಾ ಕೇಳಿದ ನೇರ ಪ್ರಶ್ನೆ. ಬಾಯಿಗೆ ಸಕ್ಕರೆ ಹಾಕದಿದ್ದರೆ ಗಡ್ಡೆಗೆ ಸಕ್ಕರೆ ನಿಲ್ಲುತ್ತದೆಯೇ? ವಿದ್ಯಾರ್ಥಿಗಳೇ, ಒಂದು ಲೆಕ್ಕ ಮಾಡಿ. ದೊಡ್ಡವರ ದೇಹದಲ್ಲಿ ಸುಮಾರು 5 ಲೀಟರ್ ರಕ್ತ. ಪ್ರತಿ 100 ಮಿಲಿಲೀಟರಿಗೆ ಸುಮಾರು 90 ಮಿಲಿಗ್ರಾಂ ಸಕ್ಕರೆ. ಒಟ್ಟು ಎಷ್ಟಾಯಿತು? ನಾಲ್ಕೂವರೆ ಗ್ರಾಂ. ಒಂದು ಟೀ ಚಮಚದಷ್ಟು! ಮೆದುಳಿಗೇ ದಿನಕ್ಕೆ ಸುಮಾರು 120 ಗ್ರಾಂ ಬೇಕು. ಆದ್ದರಿಂದ ಆ ಒಂದು ಚಮಚ ಖಾಲಿಯಾಗದಂತೆ ಯಕೃತ್ತು ಹಗಲು ರಾತ್ರಿ ಸಕ್ಕರೆ ಸುರಿಯುತ್ತಿರುತ್ತದೆ. ನಾವು ತಿಂದರೆ ಊಟದಿಂದ. ತಿನ್ನದಿದ್ದರೆ ಮೊದಲು ತನ್ನ ಕಣಜದಿಂದ, ಅದು ಬರಿದಾದ ಮೇಲೆ ನಮ್ಮ ಸ್ನಾಯುಗಳನ್ನು ಕರಗಿಸಿ ಬಂದ ಪ್ರೋಟೀನಿನಿಂದ. ಅನ್ನ, ರೊಟ್ಟಿ, ಹಣ್ಣು ಎಲ್ಲ ಬಿಟ್ಟ ರೋಗಿಯ ರಕ್ತದಲ್ಲಿಯೂ ಸಕ್ಕರೆ ಇದ್ದೇ ಇರುತ್ತದೆ. ಗಡ್ಡೆ ತನ್ನ ಪಾಲು ಎಳೆದುಕೊಳ್ಳುತ್ತಲೇ ಇರುತ್ತದೆ. ಸೊರಗುವುದು ರೋಗಿ.

ಇದರ ಅರ್ಥ ಲಾಡು, ಜಿಲೇಬಿ ಬೇಕಾದಷ್ಟು ತಿನ್ನಿ ಎಂದಲ್ಲ. ಬೊಜ್ಜು ಹೆಚ್ಚಾದರೆ ಕೆಲವು ಕ್ಯಾನ್ಸರ್‌ಗಳ ಅಪಾಯ ಹೆಚ್ಚುತ್ತದೆ. ಸಕ್ಕರೆ ಕಾಯಿಲೆ ಇರುವವರು ಅದನ್ನು ಹತೋಟಿಯಲ್ಲಿ ಇಡಲೇಬೇಕು. ಉಪವಾಸದ ಬಗ್ಗೆಯೂ ನನ್ನನ್ನು ಕೇಳುತ್ತಾರೆ. ರೋಜಾ ಇಬಾದತ್, ಅದು ಕ್ಯಾನ್ಸರ್‌ನ ಔಷಧಿ ಅಲ್ಲ. ಕಾಯಿಲೆಯವರಿಗೆ ವಿನಾಯಿತಿ ಇದೆ ಎಂಬುದು ನನಗಿಂತ ಚೆನ್ನಾಗಿ ಇಲ್ಲಿರುವ ಹಿರಿಯರಿಗೆ ಗೊತ್ತು. ಕೀಮೋಥೆರಪಿಯ ನಡುವೆ ಇರುವವರು ತಮ್ಮ ವೈದ್ಯರನ್ನು ಕೇಳದೆ ಊಟ ಬಿಡಬಾರದು.

ಅರ್ಧ ವಿಜ್ಞಾನ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಒಂದು ಘಟನೆ ಹೇಳುತ್ತೇನೆ. 3-ಬ್ರೋಮೋಪೈರುವೇಟ್ ಎಂಬ ರಾಸಾಯನಿಕ ಕ್ಯಾನ್ಸರ್ ಕೋಶದ ಇದೇ ಸಕ್ಕರೆ ಒಡೆಯುವ ದಾರಿಗೆ ಅಡ್ಡ ಬರುತ್ತದೆ ಎಂದು ಪ್ರಯೋಗಶಾಲೆಯಲ್ಲಿ ಕಂಡಿತ್ತು. ಔಷಧಿಯಾಗಿ ಅನುಮತಿ ಪಡೆದಿರಲಿಲ್ಲ. 2016ರಲ್ಲಿ ಜರ್ಮನಿಯ ಒಂದು ಪರ್ಯಾಯ ಚಿಕಿತ್ಸಾ ಕೇಂದ್ರದಲ್ಲಿ ಇದನ್ನು ರೋಗಿಗಳಿಗೆ ಕೊಟ್ಟರು. ಕೆಲವೇ ದಿನಗಳಲ್ಲಿ ಮೂವರು ತೀರಿಕೊಂಡರು. ಸೂಕ್ತವಲ್ಲದ ತಕ್ಕಡಿಯಲ್ಲಿ ತೂಗಿ ಮಿತಿಮೀರಿದ ಪ್ರಮಾಣ ಕೊಟ್ಟದ್ದಕ್ಕೆ 2019ರಲ್ಲಿ ನ್ಯಾಯಾಲಯ ಚಿಕಿತ್ಸಕನನ್ನು ತಪ್ಪಿತಸ್ಥನೆಂದಿತು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 2018ರ ಒಂದು ಅಧ್ಯಯನದಲ್ಲಿ, ಗುಣವಾಗಬಲ್ಲ ಹಂತದ ಕ್ಯಾನ್ಸರ್ ಇದ್ದೂ ಆಸ್ಪತ್ರೆಯ ಚಿಕಿತ್ಸೆ ಬಿಟ್ಟು ಪರ್ಯಾಯ ಚಿಕಿತ್ಸೆಯನ್ನು ಮಾತ್ರ ನಂಬಿದವರಲ್ಲಿ ಸಾವಿನ ಅಪಾಯ ಸುಮಾರು ಎರಡೂವರೆ ಪಟ್ಟು ಹೆಚ್ಚು ಎಂದು ಕಂಡರು.

ಈಗ ನನ್ನ ಖಾಲಾ ವಿಷಯಕ್ಕೆ ಬರುತ್ತೇನೆ. ನನ್ನ ಮಾತು ಕೇಳಿದ ಮೇಲೆ ಅವರು ಮೊದಲು ಚಹಾದ ಸಕ್ಕರೆ ಬಿಟ್ಟರು. ಆಮೇಲೆ ಅನ್ನ, ಆಮೇಲೆ ರೊಟ್ಟಿ, ಕೊನೆಗೆ ಹಣ್ಣು. ಯಾರಾದರೂ ಒತ್ತಾಯ ಮಾಡಿದರೆ, "ನನ್ನ ಅಕ್ಕನ ಮಗ ಪ್ರೊಫೆಸರ್, ಅವನೇ ಹೌದು ಅಂದಿದ್ದಾನೆ" ಎನ್ನುತ್ತಿದ್ದರಂತೆ. ಮೂರನೆಯ ಕೀಮೋಗೆ ಹೋದಾಗ ಅವರು ಎಷ್ಟು ಬಡಕಲಾಗಿದ್ದರೆಂದರೆ, ಈ ಸ್ಥಿತಿಯಲ್ಲಿ ಔಷಧಿ ಕೊಡಲಾಗುವುದಿಲ್ಲ ಎಂದು ವೈದ್ಯರು ವಾಪಸು ಕಳಿಸಿದರು. ಸುದ್ದಿ ತಿಳಿದು ನಾನು ಓಡಿದೆ. ಅವರ ಪಕ್ಕ ಕುಳಿತು, ಈಗ ತಮಗೆ ಹೇಳಿದ ಟೀ ಚಮಚದ ಲೆಕ್ಕವನ್ನು ಅವರಿಗೆ ಹೇಳಿದೆ. ಅವರು ಸುಮ್ಮನೆ ಕೇಳಿ, "ಇದನ್ನು ಆ ದಿನವೇ ಹೇಳಬಾರದಿತ್ತಾ ಬೇಟಾ?" ಎಂದರು. ಕೋಪದಿಂದ ಹೇಳಲಿಲ್ಲ. ನನ್ನಲ್ಲಿ ಉತ್ತರವಿರಲಿಲ್ಲ.

ಅವರು ಮತ್ತೆ ಊಟ ಮಾಡಿದರು, ತೂಕ ಏರಿತು, ತಡವಾಗಿಯಾದರೂ ಕೀಮೋ ಮುಗಿಯಿತು. ಮೂರು ವರ್ಷದ ಮೇಲೆ ಕಾಯಿಲೆ ಮರುಕಳಿಸಿ ಅವರು ತೀರಿಕೊಂಡರು. ಆ ವಿಳಂಬವೇ ಕಾರಣ ಎಂದು ನಾನು ಹೇಳಲಾರೆ, ಯಾವ ವೈದ್ಯರೂ ಹಾಗೆ ಹೇಳಲಿಲ್ಲ. ಆದರೆ ಕಳೆದುಹೋದ ಆ ವಾರಗಳಲ್ಲಿ ನನ್ನ ಪಾಲೂ ಇದೆ.

ವಿದ್ಯಾರ್ಥಿಗಳೇ, ತಮ್ಮಲ್ಲಿ ಹಲವರು ತಮ್ಮ ಮನೆಯಲ್ಲಿ ಮೊದಲ ಬಾರಿಗೆ ವಿಜ್ಞಾನ ಓದುತ್ತಿರುವವರು. ನಾಳೆ ಅಜ್ಜಿ, ಚಾಚಾ, ನೆರೆಯವರು ಒಂದು ಕಾಗದವನ್ನೋ ಮೊಬೈಲಿನಲ್ಲಿ ಬಂದ ಸಂದೇಶವನ್ನೋ ಹಿಡಿದು ತಮ್ಮ ಹತ್ತಿರವೇ ಬರುತ್ತಾರೆ. ಆಗ ಮೂರು ಮಾತು ಕೇಳಿ. ಇದು ಕಂಡದ್ದು ಗಾಜಿನ ತಟ್ಟೆಯಲ್ಲೋ, ಇಲಿಯಲ್ಲೋ, ಮನುಷ್ಯರಲ್ಲೋ? ಚಿಕಿತ್ಸೆಯ ಜೊತೆಗೋ, ಚಿಕಿತ್ಸೆಯ ಬದಲಿಗೋ? ಅವರ ವೈದ್ಯರಿಗೆ ಇದನ್ನು ತಿಳಿಸಿದ್ದಾರೋ ಇಲ್ಲವೋ? ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಹೇಳಿ, ತಿಳಿದವರ ಹತ್ತಿರ ಅವರನ್ನು ಕರೆದುಕೊಂಡು ಹೋಗಿ. ಬಸ್ಸು ತಪ್ಪಿದರೆ ಇನ್ನೊಂದು ಬರುತ್ತದೆ.

ಗ್ಲೂಕೋಸಿನ ಬಾಗಿಲಿಗೆ ಸರಿಯಾದ ಬೀಗ ಇನ್ನೂ ಸಿಕ್ಕಿಲ್ಲ. ಮೆದುಳಿಗೆ, ರಕ್ತಕ್ಕೆ ತೊಂದರೆಯಾಗದಂತೆ ಗಡ್ಡೆಯ ಬಾಗಿಲನ್ನು ಮಾತ್ರ ಮುಚ್ಚುವ ಬೀಗವನ್ನು ಮಾಡುವವರು ಇಲ್ಲಿ ಕುಳಿತ ಮಕ್ಕಳಲ್ಲಿಯೇ ಯಾರಾದರೂ ಆಗಲಿ ಎಂದು ಹಾರೈಸುತ್ತೇನೆ. ಅಲ್ಲಿಯವರೆಗೆ ನಮ್ಮ ರೋಗಿಗಳು ಹೊಟ್ಟೆ ತುಂಬ ಊಟ ಮಾಡಲಿ, ಚಿಕಿತ್ಸೆಯನ್ನು ನಡುವೆ ಬಿಡದೆ ಮುಗಿಸಲಿ.